ಆಟವನ್ನು ಕಟ್ಟುವ ವಿದ್ಯೆ

ವನಗೂರಿನಲ್ಲಿ ಈ ಸಲದ ಕಾಫಿ ಕೊಯ್ಲು ಮುಗಿದ ಮೇಲೆ ನೆರೆಮನೆಯ ಗೃಹಸ್ಥರು ತಮ್ಮ ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ಹುಡುಗನು ಪಿ.ಯು. ತರಗತಿಯನ್ನು ಮುಗಿಸುವುದರಲ್ಲಿದ್ದಾನೆ. ಬೆಂಗಳೂರಿನಲ್ಲಿ ಎರಡು ವರ್ಷವಿದ್ದು ಕಂಪ್ಯೂಟರಿನ ಆಟಗಳನ್ನು ನಿರ್ಮಿಸುವುದನ್ನೇ ಕಲಿಯಬೇಕೆಂದು ಅವನ ಹಂಬಲ, ಹಾಸನದಲ್ಲಿ ಬಿ.ಎಸ್‌ಸಿ. ಓದಲೆಂದು ತಂದೆಯ ಹಟ. "ಆಟಕ್ಕೂ ಒಂದು ವಿದ್ಯೆಯೆ, ಮೇಷ್ಟ್ರೇ? ನೀವೇ ಬುದ್ಧಿ ಹೇಳಿ" ಎಂದರು. ಹೇಳುವುದು ಸುಲಭವಾಗಿತ್ತು. ಹೇಳಲಾರದೆ ಹೋದೆನು.

ಆ ವಿದ್ಯೆಯನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಎಂಬ ಕಂಪನಿಯು 1997ರಲ್ಲಿಯೇ ಈ ಕೆಲಸಕ್ಕೆ ಕೈಹಾಕಿತು. 2012ರಲ್ಲಿ ನಮ್ಮ ಸರ್ಕಾರವು ಅನಿಮೇಷನ್ ಮತ್ತು ಆಟಗಳ ಉದ್ಯಮಕ್ಕೆಂದು ಪ್ರತ್ಯೇಕವಾದ ನೀತಿಯನ್ನು ಹೊರಡಿಸಿತು. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿ ಇದು ಸ್ನಾತಕೋತ್ತರ ವ್ಯಾಸಂಗದ ವಿಷಯವಾಗಿದೆ. ಅದಿರಲಿ, ಆಟವೆಂದರೇನು? ನಿಯಮಗಳ ಕಟ್ಟಡವಲ್ಲವೆ? ಪಾಠಶಾಲೆಯಲ್ಲಿ ನಾವು ಓದಿದ ಪಾಣಿನಿಯ ವ್ಯಾಕರಣವು ಸುಮಾರು 4000 ಸೂತ್ರಗಳದು. ಎರಡು ಸೂತ್ರಗಳು ಒಂದೇ ಸ್ಥಳದಲ್ಲಿ ಎದುರಾದರೆ ಯಾವುದು ಗೆಲ್ಲಬೇಕೆಂಬುದಕ್ಕೂ ಆ ಮುನಿಯು ಒಂದು ಸೂತ್ರವನ್ನು ರಚಿಸಿದನು. ಅದರ ಅರ್ಥವನ್ನು ಕುರಿತು ಪಂಡಿತರ ವಾದ ಇನ್ನೂ ಮುಗಿದಿಲ್ಲ. ಇಂಥ ವಿದ್ಯೆಯ ಅನ್ನವನ್ನು ಉಂಡ ನಾನು, ನಿಯಮ ಕಟ್ಟಲು ಹೊರಟವನನ್ನು ಹೇಗೆ ಹಳಿಯಲಿ?

ಆದರೆ ನಿಯಮವನ್ನು ಕಟ್ಟುವ ಬುದ್ಧಿ ಬೇರೆ, ಅದಕ್ಕೆ ಒದಗುವ ಉಪಕರಣ ಬೇರೆ. ಫ್ಲ್ಯಾಷ್ ಎಂಬ ಉಪಕರಣದಿಂದ ಒಂದು ಕಾಲಕ್ಕೆ ಅಸಂಖ್ಯ ಆಟಗಳು ಹುಟ್ಟಿದುವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿಯು ಅದರ ಪೋಷಣೆಯನ್ನು ನಿಲ್ಲಿಸಿತು. ಆ ಉಪಕರಣವನ್ನು ಮಾತ್ರ ಕಲಿತವನ ವಿದ್ಯೆ ಅದರೊಡನೆಯೇ ಹೋಯಿತು. ಗಣಿತವನ್ನೋ ಚಿತ್ರವನ್ನೋ ಕಥೆ ಹೇಳುವುದನ್ನೋ ಬಲ್ಲವನು ಬೇರೊಂದು ಉಪಕರಣವನ್ನು ಹಿಡಿಯಬಲ್ಲನು. ಪದವಿಯೂ ಈ ಪರೀಕ್ಷೆಗೆ ಹೊರತಲ್ಲ. ಟಿಪ್ಪಣಿಗಳನ್ನು ಉರುಹೊಡೆದು ಪಡೆದ ಬಿ.ಎಸ್‌ಸಿ. ಫ್ಲ್ಯಾಷಿಗಿಂತ ಬೇಗ ಸಾಯುತ್ತದೆ.

ತಂದೆಯ ಅಂಜಿಕೆ ಸುಳ್ಳಲ್ಲ. ಅನೇಕ ಸರ್ಕಾರಿ ಹುದ್ದೆಗಳಿಗೂ ಮೇಲಿನ ವ್ಯಾಸಂಗಕ್ಕೂ ವಿಶ್ವವಿದ್ಯಾನಿಲಯದ ಪದವಿಯೇ ಬೇಕು. ಖಾಸಗಿ ಪ್ರಮಾಣಪತ್ರಕ್ಕೆ ಆ ಬಾಗಿಲುಗಳು ತೆರೆಯುವುದಿಲ್ಲ. ಸಾಲ ಮಾಡತಕ್ಕವನು ತಂದೆ, ಅದರ ಫಲವನ್ನು ಬಾಳತಕ್ಕವನು ಮಗ. ಇಬ್ಬರಲ್ಲಿ ಯಾರ ಮಾತು ನಡೆಯಬೇಕು? ಹಿಂದೆ ನನಗೆ ಈ ಸಂದೇಹವೇ ಇರಲಿಲ್ಲ. ಸದಾ ಚಿತ್ರ ಬರೆಯುತ್ತಿದ್ದ ಶಿಷ್ಯನೊಬ್ಬನನ್ನು ಗದರಿಸಿ ಬಿ.ಕಾಂ.ಗೆ ಕಳುಹಿಸಿದೆನು. ಅವನಿಗೆ ಉದ್ಯೋಗ ದೊರೆಯಿತು, ಸಂಸಾರ ಚೆನ್ನಾಗಿದೆ. ಕಂಡಾಗಲೆಲ್ಲ ನಮಸ್ಕರಿಸುತ್ತಾನೆ, ಚಿತ್ರದ ಮಾತೆತ್ತುವುದಿಲ್ಲ. ನಾನೂ ಎತ್ತುವುದಿಲ್ಲ.

ಈ ಹುಡುಗನಿಗೆ ಹೇಳಿದುದಿಷ್ಟು: ಗಣಿತವಿರುವ ಪದವಿಗೆ ಸೇರು, ಗೊಡೊ ಎಂಬ ಉಪಕರಣ ಹಣವಿಲ್ಲದೆ ದೊರೆಯುತ್ತದೆ, ಸಂಜೆಯ ಹೊತ್ತು ಅದರಲ್ಲಿ ಆಟ ಕಟ್ಟು, ಪದವಿ ಮುಗಿದ ತರುವಾಯವೂ ಹಂಬಲ ಉಳಿದಿದ್ದರೆ ತಂದೆಯವರು ತಡೆಯಕೂಡದು. ತಂದೆ ಒಪ್ಪಿದರು. ಹುಡುಗನು ಮಾತನಾಡಲಿಲ್ಲ. ನಾನು ಮತ್ತೊಮ್ಮೆ ತಪ್ಪಿದೆನೋ ಏನೋ ಎಂದು ಆ ರಾತ್ರಿ ನಿದ್ರೆ ಬರಲಿಲ್ಲ.

ಮರುದಿನ ಅವನೊಬ್ಬನೇ ಲ್ಯಾಪ್‌ಟಾಪನ್ನು ಹಿಡಿದು ಬಂದನು. ಅದರಲ್ಲಿ 14 ಗುಳಿಗಳ ಅಳಿಗುಳಿಮನೆ! ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯ ಕಾಳುಗಳನ್ನು ಗೆಲ್ಲಬೇಕು; ಆಚೆಯದೂ ಬರಿದಾಗಿದ್ದರೆ ಸರದಿ ಮುಗಿಯಬೇಕು. ಅವನ ಆಟವೋ, ಇಲ್ಲದ ಕಾಳನ್ನು ಗೆದ್ದು ಅಲ್ಲಿಯೇ ನಿಂತುಬಿಡುತ್ತಿತ್ತು. "ಮೇಷ್ಟ್ರೇ, ಎರಡು ನಿಯಮ ಒಟ್ಟಿಗೆ ಬಂದರೆ ಯಾವುದನ್ನು ಮೊದಲು ನೋಡಬೇಕು?" ಎಂದನು. ನಾನು ಒಳಗಿನಿಂದ ಮನೆಯಾಕೆಯನ್ನು ಕರೆದೆನು. ಆ ಆಟ ನನಗಿಂತ ಆಕೆಗೆ ಚೆನ್ನಾಗಿ ಬರುತ್ತದೆ.