ಬಳಲಿಕೆಗೆ ಪ್ರಮಾಣ ಯಾವುದು?

ಕೊರೊನಾ ಸೋಂಕು ಇಳಿದ ಮೇಲೂ ತಿಂಗಳುಗಟ್ಟಲೆ ಕಾಡುವ ಬಳಲಿಕೆ, ಏದುಸಿರು, ಮರೆವುಗಳಿಗೆ ಲಾಂಗ್ ಕೋವಿಡ್ ಎಂಬ ಹೆಸರನ್ನು 2020ರಲ್ಲಿ ರೋಗಿಗಳೇ ಇಟ್ಟರು. ವಿಶ್ವ ಆರೋಗ್ಯ ಸಂಸ್ಥೆಯು ಅದರ ವ್ಯಾಖ್ಯೆಯನ್ನು ವಯಸ್ಕರಿಗಾಗಿ ನಿರೂಪಿಸಿದ್ದು 2021ರಲ್ಲಿ, ಮಕ್ಕಳಿಗಾಗಿ 2023ರಲ್ಲಿ. ರೋಗವನ್ನು ಖಚಿತಪಡಿಸುವ ಒಂದು ರಕ್ತಪರೀಕ್ಷೆ ಇಲ್ಲವಾದ್ದರಿಂದ, ಅಣುಮಟ್ಟದ ದತ್ತಾಂಶ, ಎಂದರೆ ರಕ್ತದಲ್ಲಿರುವ ಸಾವಿರಾರು ಪ್ರೋಟೀನು, ಆರ್‌ಎನ್‌ಎ, ಹಾರ್ಮೋನುಗಳ ಅಳತೆ, ರೋಗಿಯ ಮಾತು ನಿಜವೋ ಅಲ್ಲವೋ ಎಂಬುದನ್ನು ತೀರ್ಮಾನಿಸೀತು ಎಂಬ ನಿರೀಕ್ಷೆ ಬೆಳೆದಿದೆ. ಆ ಅಧಿಕಾರ ಅಣುವಿಗೆ ಎಲ್ಲಿಂದ ಬರುತ್ತದೆ ಎಂಬುದು ಪ್ರಮಾಣಶಾಸ್ತ್ರದ, ಅಂದರೆ ಅರಿವಿಗೆ ಆಧಾರ ಯಾವುದೆಂದು ವಿಚಾರಿಸುವ ಶಾಸ್ತ್ರದ, ಪ್ರಶ್ನೆ.

ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನದ ಭಾಷೆಯಲ್ಲಿ, ರಕ್ತದ ಗುರುತಿನಿಂದ ರೋಗವನ್ನು ತಿಳಿಯುವುದು ಅನುಮಾನ. ಅದಕ್ಕೆ ವ್ಯಾಪ್ತಿ, ಅಂದರೆ ಹೊಗೆಯಿದ್ದಲ್ಲೆಲ್ಲ ಬೆಂಕಿಯಿದ್ದೇ ಇರುತ್ತದೆ ಎಂಬಂಥ ತಪ್ಪದ ಸಂಬಂಧ, ಮೊದಲೇ ತಿಳಿದಿರಬೇಕು. ಅದು ತಿಳಿಯುವುದು ಎರಡನ್ನೂ ಒಟ್ಟಿಗೆ ಕಂಡ ಅಡುಗೆಮನೆಯಲ್ಲಿ. ಈ ರೋಗದ ಅಡುಗೆಮನೆ ರೋಗಿಯ ಮಾತೇ ಆಗಿದೆ, ಏಕೆಂದರೆ ರಕ್ತವನ್ನು ಹೋಲಿಸುವ ಮುನ್ನ ಸಂಶೋಧಕರು ಜನರನ್ನು ರೋಗವುಳ್ಳವರು, ಇಲ್ಲದವರು ಎಂದು ವಿಂಗಡಿಸುವುದು ಬಹುಪಾಲು ಅವರವರು ಹೇಳಿಕೊಂಡ ಲಕ್ಷಣಗಳ ಆಧಾರದಿಂದ. ಹೀಗೆ ಮಾತಿನಿಂದ ಹುಟ್ಟಿದ ಅನುಮಾನವು ಆ ಮಾತನ್ನೇ ಸುಳ್ಳೆನ್ನಲು ಹೊರಟರೆ ತಾನು ಕುಳಿತ ಕೊಂಬೆಯನ್ನೇ ಕಡಿದಂತಾಗುತ್ತದೆ. 2023ರ ಅಧ್ಯಯನಗಳು ಕಾರ್ಟಿಸಾಲ್ ಮತ್ತು ಸಿರೊಟೋನಿನ್ ಇಳಿದಿರುವುದನ್ನು ಕೆಲವು ರೋಗಿಗಳ ಗುಂಪುಗಳಲ್ಲಿ ಕಂಡವು. ಅವು ಮುಖ್ಯವಾದ ಸುಳಿವುಗಳೇ. ಆದರೆ ಆ ಇಳಿಕೆ ಕಾಣದ ರೋಗಿಯಲ್ಲಿ ರೋಗವೇ ಇಲ್ಲವೆನ್ನುವುದು ತರ್ಕದೋಷ: ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲದೆಯೂ ಬೆಂಕಿಯಿರುತ್ತದೆ ಎಂದು ನೈಯಾಯಿಕರೇ ತೋರಿಸಿದ್ದಾರೆ.

ಮಕ್ಕಳಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸಬಯಸುವವನು ಆಪ್ತ, ಅವನ ಮಾತು ಪ್ರಮಾಣ ಎನ್ನುವ ನ್ಯಾಯಭಾಷ್ಯಕಾರ ವಾತ್ಸ್ಯಾಯನ ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆನ್ನುತ್ತಾನೆ. ಮಗುವನ್ನು ಅವನು ಹೆಸರಿಸದಿದ್ದರೂ ತನ್ನ ನೋವನ್ನು ಮಗುವಿಗಿಂತ ಹತ್ತಿರದಿಂದ ಅರಿತವರು ಯಾರೂ ಇಲ್ಲ. ಕೊರತೆಯಿರುವುದು ನುಡಿಯಲ್ಲಿ. ಆರು ವರ್ಷದ ಮಗು ಬಳಲಿಕೆ ಎನ್ನಲಾರದೆ ಹೊಟ್ಟೆನೋವು ಎನ್ನಬಹುದು, ಏನೂ ಹೇಳದೆ ಆಟ ಬಿಟ್ಟು ಮಲಗಬಹುದು. ಸಂಶೋಧಕರ ಪ್ರಶ್ನಾವಳಿಗೆ ಅದರ ಪರವಾಗಿ ಉತ್ತರ ಬರೆಯುವವರು ಹೆಚ್ಚಾಗಿ ತಾಯಿತಂದೆಯರು. ಲಾಂಗ್ ಕೋವಿಡ್ ಕುರಿತ ಅಮೆರಿಕದ ರಿಕವರ್ ಸಂಶೋಧನಾ ಯೋಜನೆಯು 2024ರಲ್ಲಿ 6ರಿಂದ 11 ವರ್ಷದವರ ಮತ್ತು 12ರಿಂದ 17 ವರ್ಷದವರ ಲಕ್ಷಣಗಳ ವಿನ್ಯಾಸಗಳೇ ಬೇರೆಬೇರೆ ಎಂದು ತೋರಿಸಿತು. ಬೆಳೆಯುವ ದೇಹದಲ್ಲಿ ಹಾರ್ಮೋನುಗಳೂ ರೋಗನಿರೋಧಕ ವ್ಯವಸ್ಥೆಯೂ ವಯಸ್ಸಿನೊಡನೆ ಮಾರ್ಪಡುವುದರಿಂದ, ದೊಡ್ಡವರ ರಕ್ತದಲ್ಲಿ ಕಲಿತ ವ್ಯಾಪ್ತಿಯನ್ನು ಮಗುವಿನ ಮೇಲೆ ಹೇರಲಾಗದು. ಅದನ್ನು ಮಕ್ಕಳ ನಡುವೆಯೇ ಹೊಸದಾಗಿ ಹುಡುಕಬೇಕು, ಮತ್ತು ಆ ಹುಡುಕಾಟದ ಮೊದಲ ಸಾಕ್ಷಿ ಆಟ ಬಿಟ್ಟು ಮಲಗಿದ ಆ ಮಗುವೇ.