ಸಂಕೋಚದ ಎರಡು ಮುಖ

ಸಂಕೋಚವನ್ನು ನಾವು ಸದ್ಗುಣಗಳ ಸಾಲಿನಲ್ಲಿ ಸೇರಿಸಿದ್ದೇವೆ. ‘ಹುಡುಗ ಬಹಳ ಸಂಕೋಚದವನು’ ಎಂದರೆ ಅದು ಹೊಗಳಿಕೆಯೇ. ಮಾಡಿದರೆ ಚೊಕ್ಕವಾಗಿ ಮಾಡಬೇಕು, ಇಲ್ಲವಾದರೆ ಮಾಡಲೇಬಾರದು ಎಂಬ ಹಟಕ್ಕೂ ಅಷ್ಟೇ ಮರ್ಯಾದೆ. ಈ ಎರಡೂ ಒಬ್ಬನಲ್ಲೇ ಕೂಡಿಕೊಂಡರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ, ಅವನ ಕೈಗೊಂದು ಕ್ಯಾಮರಾ ಕೊಟ್ಟು ಪೇಟೆಬೀದಿಗೆ ಕಳುಹಿಸಬೇಕು.

ಸ್ಟುಡಿಯೋದಲ್ಲಿ ದೀಪ ನಮ್ಮದು, ಪರದೆ ನಮ್ಮದು. ‘ಸ್ವಲ್ಪ ಗಲ್ಲ ಎತ್ತಿ’ ಎಂದರೆ ಎದುರಿಗಿರುವವರು ಎತ್ತುತ್ತಾರೆ. ಬೀದಿಯಲ್ಲಿ ಬೆಳಕೂ ನಮ್ಮ ಮಾತು ಕೇಳುವುದಿಲ್ಲ, ಜನರೂ ಕೇಳುವುದಿಲ್ಲ. ಹೂವಾಡಗಿತ್ತಿ ಮೊಳ ಹಾಕುತ್ತಾಳೆ, ಗಿರಾಕಿ ಚೌಕಾಸಿ ಮಾಡುತ್ತಾನೆ, ಇಬ್ಬರೂ ಒಮ್ಮೆಲೇ ನಕ್ಕುಬಿಡುತ್ತಾರೆ. ಆ ನಗೆ ಅಲ್ಲಿಗೆ ಮುಗಿಯಿತು. ನಮ್ಮ ಸಂಕೋಚಶೀಲನಾದರೋ ಇನ್ನೂ ಯೋಚಿಸುತ್ತಿರುತ್ತಾನೆ. ಯಾರಾದರೂ ಏನಾದರೂ ಅಂದಾರು, ಬಿಸಿಲು ಓರೆಯಾಗಿದೆ, ಹಿಂದೊಂದು ಸ್ಕೂಟರು ಅಡ್ಡ ನಿಂತಿದೆ, ನಾಳೆ ಬಂದರಾಯಿತು. ಕ್ಯಾಮರಾ ಚೀಲ ಸೇರುತ್ತದೆ. ಮರುದಿನ ಸ್ಕೂಟರು ನಿಂತಿದ್ದ ಜಾಗದಲ್ಲಿ ಆಟೋ ನಿಂತಿರುತ್ತದೆ.

ಇದನ್ನು ವಿನಯವೆನ್ನಬಹುದೆ? ಕೆದಕಿ ನೋಡಿದರೆ ಒಳಗಿರುವುದು ಬೇರೆ. ‘ನನ್ನನ್ನು ಏನೆಂದುಕೊಂಡಾರು’ ಎಂಬಲ್ಲಿ ಕಥಾನಾಯಕ ನಾನೇ. ‘ಚಿತ್ರ ಕೆಟ್ಟರೆ ನನ್ನ ಗತಿಯೇನು’ ಎಂಬಲ್ಲಿಯೂ ನಾನೇ. ಬೀದಿ ತುಂಬ ಜನರಿದ್ದರೂ ಅವನ ಕಣ್ಣಿಗೆ ಬೀಳುತ್ತಿರುವವನು ಒಬ್ಬನೇ. ಪೇಟೆಯಲ್ಲಿ ನೂರು ಜನಕ್ಕೆ ನೂರು ಅವಸರ. ಅವನನ್ನು ನಿಂತು ತೂಗಿ ನೋಡುವಷ್ಟು ಪುರಸೊತ್ತು ಅವರಾರಿಗೂ ಇಲ್ಲವೆಂಬುದು ಅವನಿಗೆ ಹೊಳೆಯುವುದೇ ಇಲ್ಲ.

ಇನ್ನು ಪರಿಪೂರ್ಣತೆಯ ಮಾತು. ಈ ಕಲೆಗೆ ಆಚಾರ್ಯನೆನಿಸಿದ ಫ್ರಾನ್ಸಿನ ಹೆನ್ರಿ ಕಾರ್ಟಿಯರ್ ಬ್ರೆಸನ್ 1932ರಲ್ಲಿ ಪ್ಯಾರಿಸಿನ ಸಾಂ ಲಜಾರ್ ರೈಲು ನಿಲ್ದಾಣದ ಹಿಂಬದಿಯಲ್ಲಿ ಒಂದು ಚಿತ್ರ ತೆಗೆದ. ನಿಂತ ನೀರಿನ ಮೇಲೆ ಒಬ್ಬಾತ ಹಾರುತ್ತಿದ್ದಾನೆ; ಹಿಮ್ಮಡಿ ಇನ್ನೇನು ನೀರಿಗೆ ತಾಗಬೇಕು. ಬೇಲಿಯ ಸಂದಿನಿಂದ ತೆಗೆದ ಚಿತ್ರವಾದ್ದರಿಂದ ಅಂಚಿನಲ್ಲಿ ಬೇಲಿಯೂ ನುಸುಳಿತ್ತು. ಚಿತ್ರಗಳನ್ನು ಕತ್ತರಿಸುವುದನ್ನು ಒಪ್ಪದ ಆತನೇ ಇದನ್ನು ಕತ್ತರಿಸಬೇಕಾಯಿತು. ಹಾರುವವನ ಆಕೃತಿಯಾದರೂ ಮಸುಕು. ಆದರೂ ಲೋಕ ಅದನ್ನು ಇಂದಿಗೂ ನೋಡುತ್ತಿದೆ. ಎಲ್ಲವೂ ಸರಿಯಾಗಲೆಂದು ಆತ ಕಾದಿದ್ದರೆ ಆ ಮನುಷ್ಯ ಆಚೆ ದಡ ಸೇರಿಬಿಡುತ್ತಿದ್ದ.

ಸಂಕೋಚ ಪೂರ್ತಿ ಅಳಿದ ಮೇಲೆ ಹೊರಡುತ್ತೇನೆಂದು ಕೂರುವುದೂ ಬೇಡ. ಅಮೆರಿಕದ ವಿವಿಯನ್ ಮೇಯರ್ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವಳು, ತನ್ನ ಪಾಡಿಗೆ ತಾನಿದ್ದವಳು. ಎದೆಯ ಕೆಳಗೆ ಹಿಡಿದು, ಮೇಲಿನಿಂದ ಬಗ್ಗಿ ನೋಡುವ ರೋಲಿಫ್ಲೆಕ್ಸ್ ಕ್ಯಾಮರಾ ಅವಳದು. ಎದುರಿಗಿರುವವರ ಕಣ್ಣಿಗೆ ಕಣ್ಣು ಕೊಡಬೇಕಾಗಿರಲಿಲ್ಲ. ಹಾಗೆಯೇ ಷಿಕಾಗೋ, ನ್ಯೂಯಾರ್ಕುಗಳ ಬೀದಿಗಳಲ್ಲಿ ಲಕ್ಷಕ್ಕೂ ಮಿಕ್ಕಿ ಚಿತ್ರ ತೆಗೆದಳು. 2009ರಲ್ಲಿ ಅವಳು ತೀರಿಕೊಂಡ ಮೇಲೆಯೇ ಜಗತ್ತಿಗೆ ಅವಳ ಹೆಸರು ತಿಳಿದದ್ದು. ಅಂಜುವ ಸ್ವಭಾವದವರಿಗೂ ಕೆಲಸಕ್ಕೊಂದು ದಾರಿಯುಂಟು.

ಹಾಗೆಂದು ಸಂಕೋಚವನ್ನೆಲ್ಲ ಗಾಳಿಗೆ ತೂರಬೇಕೆಂದಲ್ಲ. ಫುಟ್‌ಪಾತಿನ ಮೇಲೆ ಮಲಗಿದವನ ಮುಂದೆ, ಆಸ್ಪತ್ರೆಯ ಬಾಗಿಲಲ್ಲಿ ಅಳುತ್ತಿರುವ ಹೆಂಗಸಿನ ಮುಂದೆ ಕೈ ತಡೆಯುತ್ತದೆ. ಆ ತಡೆ ನಮ್ಮ ಮಾನಕ್ಕಾಗಿ ಅಲ್ಲ, ಅವರ ಮಾನಕ್ಕಾಗಿ. ಅದನ್ನು ಗೆದ್ದವನು ಧೈರ್ಯಶಾಲಿಯಲ್ಲ, ಒರಟ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಸಾಮಾನ್ಯ ಜನರನ್ನು ಎಷ್ಟು ಹತ್ತಿರದಿಂದ ಚಿತ್ರಿಸಿದರು! ಅವರ ಚಿತ್ರಗಳಲ್ಲಿ ಬಡವರಿದ್ದಾರೆ, ಬಡತನದ ಪ್ರದರ್ಶನವಿಲ್ಲ. ಹೂವಾಡಗಿತ್ತಿ ಮುಖ ಸಿಂಡರಿಸಿದರೆ ಕ್ಯಾಮರಾ ಇಳಿಸಬೇಕು. ‘ಒಂದು ಫೋಟೋ ತೆಗೆಯಲೇನಮ್ಮ?’ ಎಂದು ಕೇಳಿದರೆ ಆ ಕ್ಷಣದ ನಗೆ ತಪ್ಪಿಹೋಗಬಹುದು, ಹೋಗಲಿ.

ಕೈ ತಡೆದಾಗಲೆಲ್ಲ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಅಂಜಿಕೆ ಯಾರ ಸಲುವಾಗಿ? ಅವರ ಸಲುವಾಗಿಯಾದರೆ ನಿಲ್ಲೋಣ. ನಮ್ಮ ಸಲುವಾಗಿಯಾದರೆ ಒಂದು ಹೆಜ್ಜೆ ಮುಂದಿಡೋಣ. ಮೊದಲ ದಿನ ಯಾರದೋ ಅರ್ಧ ತಲೆ, ಯಾರದೋ ಬೆನ್ನು ಮಾತ್ರ ಸಿಕ್ಕೀತು. ಹಾಡುತ್ತ ಹಾಡುತ್ತ ರಾಗವೆಂದು ನಮ್ಮ ಹಿರಿಯರು ಹೇಳಿದ್ದು ಗಂಟಲು ಬಿಡಲು ಅಂಜಿ ಕುಳಿತವರಿಗೇ ಅಲ್ಲವೆ?