ಬೀಗದೊಳಗಿನ ಶ್ರುತ ಮತ್ತು ಶಾಸ್ತ್ರದಾನ

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಶ್ರಾವಕರೆಲ್ಲರೂ ಬಲ್ಲ ಸಂಗತಿ. ಒಂದೇ ಪ್ರತಿಯನ್ನು ಬರೆಯಿಸಿ ಪೆಟ್ಟಿಗೆಯಲ್ಲಿ ಪೂಜಿಸಿದ್ದರೆ ಅದು ಶಾಸ್ತ್ರದಾನವಾಗುತ್ತಿತ್ತೇ?

ಮೂಡುಬಿದಿರೆಯ ಧವಲಾದಿ ಸಿದ್ಧಾಂತಗ್ರಂಥಗಳ ಇತಿಹಾಸವು ಈ ಪ್ರಶ್ನೆಯನ್ನು ಇನ್ನಷ್ಟು ತೀಕ್ಷ್ಣಗೊಳಿಸುತ್ತದೆ. ಆ ತಾಡವೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದವರ ಋಣ ಸಮಾಜದ ಮೇಲಿದೆ. ಆದರೆ ಬಹುಕಾಲ ಅವು ದರ್ಶನಕ್ಕೆ ದೊರೆತವೇ ಹೊರತು ಅಧ್ಯಯನಕ್ಕಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೊಲ್ಲಾಪುರದ ಹೀರಾಚಂದ ನೇಮಚಂದ, ಮುಂಬಯಿಯ ಮಾಣಿಕಚಂದ ಶ್ರೇಷ್ಠಿಗಳ ಪ್ರಯತ್ನದಿಂದ ಪ್ರತಿಲೇಖನ ಆರಂಭವಾಯಿತು. ಪ್ರತಿಕಾರರಾದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿಸಿದರು. ಅದು ಸಹಾರನಪುರ ಸೇರಿ ಅಲ್ಲಿಂದ ಹಬ್ಬಿತು. ಡಾ. ಹೀರಾಲಾಲ ಜೈನರು 1939ರಲ್ಲಿ ಷಟ್ಖಂಡಾಗಮದ ಮೊದಲ ಸಂಪುಟವನ್ನು ಪ್ರಕಟಿಸಿದ್ದು ಅಂಥ ಪ್ರತಿಗಳ ಆಧಾರದಿಂದಲೇ. ಮುಂದೆ ಮೂಡುಬಿದಿರೆಯವರೂ ಪಾಠ ತಾಳೆ ನೋಡಲು ಸಹಕರಿಸಿದರು.

ಕೊಡದುದನ್ನು ಕೊಂಡೊಯ್ಯುವುದು ಅದತ್ತಾದಾನ. ಫಲ ಒಳ್ಳೆಯದಾಯಿತೆಂದು ಅಚೌರ್ಯವ್ರತವನ್ನು ಸಡಿಲಿಸಲಾಗದು. ಆದರೆ ತತ್ತ್ವಾರ್ಥಸೂತ್ರವು ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಹೇಳುವ ಕಾರಣಗಳಲ್ಲಿ ನಿಹ್ನವ, ಮಾತ್ಸರ್ಯ, ಅಂತರಾಯಗಳೂ ಸೇರಿವೆ: ಜ್ಞಾನವನ್ನು ಮರೆಮಾಚುವುದು, ಯೋಗ್ಯನಿಗೂ ಕೊಡದಿರುವುದು, ಕಲಿಯುವವನಿಗೆ ಅಡ್ಡಿಯಾಗುವುದು. ಕದ್ದವನ ದೋಷವನ್ನು ಎಣಿಸುವವರು ಬೀಗ ಹಾಕಿದವನ ದೋಷವನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕಾಗುತ್ತದೆ.

ಇದು ತಾಡವೋಲೆಗಳಿಗಷ್ಟೇ ಸಂಬಂಧಿಸಿದ ಮಾತಲ್ಲ. ಹೊಸರಿತ್ತಿ, ಹಾವೇರಿ, ರಾಣೆಬೆನ್ನೂರುಗಳಂಥ ಊರುಗಳ ಮನೆ, ಬಸದಿ, ವಾಚನಾಲಯಗಳ ಕಪಾಟಿನಲ್ಲಿರುವ ಅಚ್ಚಿನ ಪುಸ್ತಕಗಳ ಆಯುಷ್ಯ ಇನ್ನೂ ಕಡಿಮೆ. ಹನ್ನೆರಡನೆಯ ಶತಮಾನದ ಗರಿ ಉಳಿದಿದೆ. 1930ರ ಪುಸ್ತಕದ ಹಾಳೆ ಮಡಿಸಿದರೆ ಮುರಿಯುತ್ತದೆ. ಮರದ ತಿರುಳಿನ ಕಾಗದದಲ್ಲಿ ಆಮ್ಲಾಂಶವಿದ್ದು, ಅದು ಒಳಗಿನಿಂದಲೇ ನಾರನ್ನು ತಿನ್ನುತ್ತದೆ. ಬ್ಯಾಡಗಿಯ ವರ್ತಕನು ಮೆಣಸಿನಕಾಯಿಯನ್ನು ಶೀತಲಗೃಹದಲ್ಲಿಟ್ಟು ಕಾಯುತ್ತಾನೆ. ಅಜ್ಜನ ಪುಸ್ತಕಗಳನ್ನು ಮಾತ್ರ ಅಟ್ಟದ ಬಿಸಿಲಿಗೆ ಬಿಡುತ್ತಾನೆ.

ಸ್ಕ್ಯಾನ್ ಮಾಡಿಸುವುದು ಇಂದಿನ ಪ್ರತಿಲೇಖನ. ಬೆನ್ನು ಒಡೆಯದಂತೆ ಪುಸ್ತಕವನ್ನು ಅರೆ ತೆರೆದು, ಮೇಲಿನಿಂದ ಕ್ಯಾಮೆರಾದಲ್ಲಿ ಚಿತ್ರ ತೆಗೆಯಬಹುದು. ಆ ಚಿತ್ರವೂ ಅನಿತ್ಯವೇ. ಕಂಪ್ಯೂಟರಿನ ಡಿಸ್ಕು ಕಾಗದಕ್ಕಿಂತ ಬೇಗ ಕೆಡುತ್ತದೆ. ಆದುದರಿಂದ ಎರಡು ಮೂರು ಊರುಗಳಲ್ಲಿ ಪ್ರತಿ ಇರಬೇಕು. ಸ್ಕ್ಯಾನ್ ಮಾಡಿಸಿ ಟ್ರಸ್ಟಿನ ಕಪಾಟಿನಲ್ಲಿಯೇ ಇಟ್ಟರೆ ಬೀಗವು ಹಿತ್ತಾಳೆಯಿಂದ ಕಂಪ್ಯೂಟರಿಗೆ ಬದಲಾದಂತಾಯಿತು, ಅಷ್ಟೆ.

ಅಯೋಗ್ಯರ ಕೈಸೇರಿ ಅವಿನಯವಾದೀತೆಂಬ ಭಯ ಕೆಲವರಿಗಿದೆ. ಗೆದ್ದಲಿಗಿಂತ ದೊಡ್ಡ ಅವಿನಯ ಯಾವುದು? ಅದಕ್ಕಿಂತ ವಿಚಾರಾರ್ಹವಾದುದು ಲೇಖಕರ ಹಕ್ಕು. ಭಾರತದ ಕಾನೂನಿನಂತೆ ಲೇಖಕರ ನಿಧನಾನಂತರ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. ಅಲ್ಲಿಯವರೆಗೆ ವಾರಸುದಾರರ ಅನುಮತಿ ಪಡೆಯದೆ ಹಂಚುವುದು ಮತ್ತೆ ಅದತ್ತಾದಾನವೇ. ಕೇಳಿದರೆ ಸಂತೋಷದಿಂದ ಒಪ್ಪುವವರೂ ಇರುತ್ತಾರೆ. ಕೇಳುವ ಶ್ರಮವನ್ನು ಟ್ರಸ್ಟುಗಳು ವಹಿಸಬೇಕು.

ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು ಧೂಳು ಒರೆಸಿ ಹೊಸ ವಸ್ತ್ರ ಸುತ್ತುವ ರೂಢಿ ಇದ್ದೇ ಇದೆ. ಅದೇ ದಿನ ಹೆಸರು, ಕರ್ತೃ, ಮುದ್ರಣದ ವರ್ಷಗಳ ಸೂಚಿಯೊಂದನ್ನು ಬರೆಯಬಹುದು. ಬೇರೆಲ್ಲೂ ಪ್ರತಿ ಸಿಗದ ಪುಸ್ತಕ ಯಾವುದೆಂದು ಆ ಸೂಚಿಯಿಂದ ತಿಳಿಯುತ್ತದೆ. ಸ್ಕ್ಯಾನಿಗೆ ಮೊದಲು ಹೋಗಬೇಕಾದುದು ಅದು.